ಪಶುವೈದ್ಯರನ್ನು ಅರಸಿದ ಕಥೆ

ಚಿಕಿತ್ಸಾಲಯವನ್ನು ಕಟ್ಟಿಸುವುದಕ್ಕೆ ಧನವೂ ದಯೆಯೂ ಇದ್ದರೆ ಸಾಕು. ಅದರೊಳಗೆ ನಿಂತು ಕೆಲಸಮಾಡಬಲ್ಲವನನ್ನು ಕರೆತರುವುದು ಬೇರೊಂದು ವಿದ್ಯೆ. ಅಶೋಕ ಚಕ್ರವರ್ತಿಯು ತನ್ನ ಎರಡನೆಯ ಶಿಲಾಶಾಸನದಲ್ಲಿ, ಮನುಷ್ಯಚಿಕಿತ್ಸೆ ಪಶುಚಿಕಿತ್ಸೆಗಳೆರಡನ್ನೂ ತನ್ನ ರಾಜ್ಯದಲ್ಲಿಯೂ ನೆರೆರಾಜ್ಯಗಳಲ್ಲಿಯೂ ಏರ್ಪಡಿಸಿದುದಾಗಿಯೂ, ಔಷಧದ ಗಿಡಮೂಲಿಕೆಗಳಿಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದುದಾಗಿಯೂ ಹೇಳಿಕೊಂಡಿದ್ದಾನೆ. ಗಿಡವನ್ನು ತರಿಸಿದ ಸಂಗತಿಯೇನೋ ಇದೆ. ಆ ಗಿಡವನ್ನು ಅರೆದು ಎತ್ತಿಗೆ ಕುಡಿಸುವವನನ್ನು ಎಲ್ಲಿಂದ ತರಿಸಿದನೆಂಬುದು ಅಲ್ಲಿಲ್ಲ.

ಅದಕ್ಕೆ ಕೌಟಿಲ್ಯನನ್ನೇ ಕೇಳಬೇಕು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಅರ್ಥಶಾಸ್ತ್ರದಲ್ಲಿ ಗೋಧ್ಯಕ್ಷನು ನೂರು ನೂರು ಹಸುಗಳಿಗೆ ಎಂತಹ ಆಳುಗಳನ್ನು ನೇಮಿಸಬೇಕೆಂಬುದು ಬಿಡಿಯಾಗಿ ಬಂದಿದೆ. ದನಕಾಯುವವನು, ಎಮ್ಮೆ ಕಾಯುವವನು, ಹಾಲು ಕರೆಯುವವನು, ಮೊಸರು ಕಡೆಯುವವನು, ಮೃಗಗಳಿಂದ ಕಾಪಾಡಲು ಒಬ್ಬ ಬೇಡ. ಇವರೆಲ್ಲರಿಗೂ ಸಂಬಳವನ್ನು ಹಣದ ರೂಪದಲ್ಲಿಯೇ ಕೊಡತಕ್ಕದ್ದು. ಹಾಲು ತುಪ್ಪಗಳನ್ನೇ ಕೂಲಿಯಾಗಿ ಕೊಟ್ಟರೆ ಆಳುಗಳು ಕರುಗಳಿಗೆ ಹಾಲು ಬಿಡದೆ ಕೊಂದಾರು ಎಂಬುದು ಅವನ ಕಾರಣ. ಆಳನ್ನು ನೇಮಿಸುವವನಿಗೆ ಇಂತಹ ಲೋಕಜ್ಞಾನ ಬೇಕು! ಕರು, ಮುದಿದನ, ರೋಗಿದನಗಳಿಗೆ ಚಿಕಿತ್ಸೆ ಮಾಡತಕ್ಕವನು ಗೋಪಾಲಕನೇ. ಕುದುರೆಗಾದರೋ ಬೇರೆ ಚಿಕಿತ್ಸಕರುಂಟು; ಅವರ ಅಜಾಗರೂಕತೆಯಿಂದ ರೋಗವು ಹೆಚ್ಚಿದರೆ ಚಿಕಿತ್ಸೆಯ ವೆಚ್ಚದ ಎರಡರಷ್ಟು ದಂಡವನ್ನೂ ವಿಧಿಸಿದ್ದಾನೆ. ಯುದ್ಧಕ್ಕೆ ಬೇಕಾದ ಪ್ರಾಣಿಗೆ ವೈದ್ಯ, ಉಳುಮೆಗೆ ಬೇಕಾದ ಪ್ರಾಣಿಗೆ ಗೊಲ್ಲ: ಈ ಭೇದವು ಎರಡು ಸಾವಿರ ವರ್ಷ ಅಳಿಯಲಿಲ್ಲ.

ಕನ್ನಡನಾಡಿನಲ್ಲಿ ಗ್ರಂಥಗಳಿಗೇನೂ ಕೊರತೆಯಿರಲಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಪಶುವೈದ್ಯದ ಭಾಗವುಂಟು. ಚಾಲುಕ್ಯ ವಿಕ್ರಮಾದಿತ್ಯನ ತಮ್ಮನಾದ ಕೀರ್ತಿವರ್ಮನು ಗೋವೈದ್ಯವನ್ನೇ ರಚಿಸಿದನು. ಆದರೆ ಗ್ರಂಥವನ್ನೋದಿದವನ ಕೈಯಲ್ಲಿ ಗೊಟ್ಟವಿರಲಿಲ್ಲ. ಗೊಟ್ಟವನ್ನು ಹಿಡಿದವನಿಗೆ ಗ್ರಂಥವು ನಿಲುಕುತ್ತಿರಲಿಲ್ಲ. ಅಶ್ವಶಾಸ್ತ್ರಕ್ಕೆ ಆಚಾರ್ಯನೆನಿಸಿದ ಶಾಲಿಹೋತ್ರ ಮುನಿಯ ಹೆಸರೇ ಉತ್ತರದೇಶದ ಆಡುಮಾತಿನಲ್ಲಿ ಸವೆದು ‘ಸಾಲೂತ್ರಿ’ ಎಂದಾಗಿ, ಕುದುರೆಯ ಲಾಯದ ನಾಟಿವೈದ್ಯನಿಗೆ ನಿಂತಿತು. ಮುನಿಯ ಹೆಸರು ದೊರೆತರೂ ಮುನಿಗೆ ಸಲ್ಲುವ ಮರ್ಯಾದೆಯು ಅವನಿಗೆ ದೊರೆಯಲಿಲ್ಲ.

ಹೀಗಿರುವಾಗ ಈಸ್ಟ್ ಇಂಡಿಯಾ ಕಂಪನಿಗೆ ಅಶ್ವಸೈನ್ಯಕ್ಕೆ ತಕ್ಕ ಕುದುರೆಗಳು ಬೇಕಾದುವು. ಬಿಹಾರದ ಪೂಸಾದಲ್ಲಿ ಅಶ್ವಸಂವರ್ಧನಶಾಲೆಯನ್ನೇನೋ ತೆರೆದರು. ನಡೆಸಬಲ್ಲವನಿಗಾಗಿ ಲಂಡನ್ನಿನಲ್ಲಿ ಹುಡುಕಿದರು. ಸಿಕ್ಕಿದವನು ವಿಲಿಯಂ ಮೂರ್‌ಕ್ರಾಫ್ಟ್. ಲಿವರ್‌ಪೂಲಿನಲ್ಲಿ ಶಸ್ತ್ರವೈದ್ಯವನ್ನು ಕಲಿಯುತ್ತಿದ್ದಾಗ ಇವನು ದನಗಳ ಸಾಂಕ್ರಾಮಿಕ ರೋಗವೊಂದನ್ನು ಕಂಡು, ಪಶುವೈದ್ಯದ ಕಡೆಗೆ ತಿರುಗಿದನು. ಮಿತ್ರರು ಇದು ಕುಲೀನನಿಗೆ ತಕ್ಕ ವೃತ್ತಿಯಲ್ಲವೆಂದು ಹಳಿದರು. ಸಂಶಯ ಬಂದು, ಆ ಕಾಲದ ಶಸ್ತ್ರವೈದ್ಯರಲ್ಲಿ ಅಗ್ರಗಣ್ಯನಾದ ಜಾನ್ ಹಂಟರನ ಅಭಿಪ್ರಾಯವನ್ನು ಕೇಳಲು, ಆತನು ತನಗೆ ಇಷ್ಟು ವಯಸ್ಸಾಗಿರದಿದ್ದರೆ ತಾನೇ ಮಾರನೆಯ ದಿನ ಆ ವಿದ್ಯೆಯನ್ನು ಕಲಿಯಲು ಹೊರಡುತ್ತಿದ್ದೆನೆಂದು ಹೇಳಿದನಂತೆ. ಇಂಗ್ಲೆಂಡಿನಲ್ಲಿ ಆಗಿನ್ನೂ ಪಶುವೈದ್ಯ ಶಾಲೆಯಿರಲಿಲ್ಲ. ಅಲ್ಲಿ ಅದು ಸ್ಥಾಪಿತವಾದದ್ದು 1791ರಲ್ಲಿ. ಮೂರ್‌ಕ್ರಾಫ್ಟನು ಫ್ರಾನ್ಸಿನ ಲಿಯಾನ್ ನಗರಕ್ಕೆ ಹೋಗಿ ಕಲಿತು ಬಂದನು. ವೃತ್ತಿಯ ವಿಷಯದಲ್ಲಿ ಕುಲದ ಅಭಿಮಾನವು ನಮ್ಮ ದೇಶಕ್ಕೆ ಮಾತ್ರ ಸೇರಿದ ರೋಗವೆಂದು ತಿಳಿಯುವವರು ಈ ಸಂಗತಿಯನ್ನು ಗಮನಿಸಬಹುದು.

1808ರಲ್ಲಿ, ನಲವತ್ತು ವರ್ಷ ದಾಟಿದ ಮೇಲೆ, ಅವನು ಲಂಡನ್ನಿನ ಸಂಪಾದನೆಯನ್ನು ಬಿಟ್ಟು ಭಾರತಕ್ಕೆ ಬಂದನು. ಪೂಸಾದಲ್ಲಿ ಕುದುರೆಗಳ ಮೇವಿಗೆಂದು ಓಟ್ಸ್ ಬೆಳೆಸಿದನು. ಆದರೆ ಒಳ್ಳೆಯ ತಳಿಯ ಕುದುರೆಯನ್ನು ತಾನೇ ಹುಡುಕಬೇಕೆಂಬ ಹಂಬಲ ಹತ್ತಿ, 1812ರಲ್ಲಿ ಗೋಸಾಯಿಯ ವೇಷದಿಂದ ಮಾನಸಸರೋವರದವರೆಗೆ ಹೋದನು; 1819ರಲ್ಲಿ ಹೊರಟು ಲಡಾಖ್, ಕಾಶ್ಮೀರಗಳ ಮಾರ್ಗವಾಗಿ ಬುಖಾರವನ್ನು ಮುಟ್ಟಿ, 1825ರಲ್ಲಿ ಹಿಂದಿರುಗುವಾಗ ಅಂದ್‌ಖೂಯಿಯಲ್ಲಿ ತೀರಿಕೊಂಡನು. ಕಂಪನಿಯ ಅಧಿಕಾರಿಗಳಿಗೆ ಈ ಅಲೆದಾಟವು ಒಪ್ಪಿಗೆಯಾಗಿರಲಿಲ್ಲ. ಸಮುದ್ರವನ್ನು ದಾಟಿ ಬರುವಷ್ಟು ಎದೆಗಾರನಾದವನು ಲಾಯದಲ್ಲಿ ಕುಳಿತಿರಲಾರನೆಂಬುದನ್ನು ಅವರು ಊಹಿಸಬೇಕಾಗಿತ್ತು. ಅವನ ಪ್ರವಾಸದ ಬರಹಗಳನ್ನು 1841ರಲ್ಲಿ ಸಂಪಾದಿಸಿ ಪ್ರಕಟಿಸಿದವನು ಸಂಸ್ಕೃತ ನಿಘಂಟಿನಿಂದ ಪ್ರಸಿದ್ಧನಾದ ಹೊರೇಸ್ ಹೇಮನ್ ವಿಲ್ಸನ್ ಎಂಬುದು ಪಂಡಿತರಿಗೆ ರುಚಿಸುವ ಮಾತು.

ಪರದೇಶದಿಂದ ಒಬ್ಬೊಬ್ಬನನ್ನು ಕರೆತಂದು ಪೂರೈಸದೆಂಬುದು ತಿಳಿದ ಮೇಲೆ ಶಾಲೆಗಳು ಹುಟ್ಟಿದುವು: ಲಾಹೋರಿನಲ್ಲಿ 1882, ಮುಂಬಯಿಯಲ್ಲಿ 1886, ಕಲ್ಕತ್ತೆಯಲ್ಲಿ 1893, ಮದರಾಸಿನಲ್ಲಿ 1903. ಮುಂಬಯಿಯಲ್ಲಿ ಪೆಟಿಟ್ ಮನೆತನದವರ ದಾನದಿಂದ ಪ್ರಾಣಿಗಳ ಆಸ್ಪತ್ರೆಯು ಮೊದಲು ಆಯಿತು. ವೈದ್ಯರನ್ನು ತಯಾರಿಸುವ ಕಾಲೇಜು ಅದರ ಮಗ್ಗುಲಲ್ಲಿ ಆಮೇಲೆ ಬಂದಿತು. ತೊಂಬತ್ತರ ದಶಕದಲ್ಲಿ ಸರಕಾರದ ಪಶುವೈದ್ಯ ಇಲಾಖೆಯು ಏರ್ಪಟ್ಟಾಗ ಮೇಲಿನ ಪದವಿಗಳಿಗೆ ಬ್ರಿಟಿಷ್ ಸೈನ್ಯದ ಪಶುವೈದ್ಯರು ಬಂದರು. ಕಲಿತ ಭಾರತೀಯರು ಅಸಿಸ್ಟೆಂಟರಾದರು.

ಆ ಅಸಿಸ್ಟೆಂಟರಾದರೂ ಸುಲಭವಾಗಿ ಸಿಗತಕ್ಕವರೆ? ಸತ್ತ ದನವನ್ನು ಕೊಯ್ದು ನೋಡದೆ ಈ ವಿದ್ಯೆಯು ಬಾರದು. ಇಂಗ್ಲಿಷ್ ಓದಿದ ಮನೆತನಗಳ ಹುಡುಗನಿಗೆ ಅದು ಮೈಲಿಗೆ. ತಲೆತಲಾಂತರದಿಂದ ಸತ್ತ ದನದ ಚರ್ಮ ಸುಲಿದು ಅದರ ಒಳಗನ್ನೆಲ್ಲ ಕಂಡವನ ಮಗನನ್ನು ಶಾಲೆಯ ಜಗಲಿಯನ್ನೇ ಹತ್ತಿಸುತ್ತಿರಲಿಲ್ಲ. ಮುಟ್ಟಬಲ್ಲವನಿಗೆ ಓದಿಲ್ಲ, ಓದಿದವನು ಮುಟ್ಟಲಾರ. ಗೋವನ್ನು ಪೂಜಿಸುವ ದೇಶದಲ್ಲಿ ಗೋವಿನ ವೈದ್ಯನಿಗೆ ಹೆಣ್ಣು ಕೊಡಲು ಹಿಂಜರಿದರೆ ಇಲಾಖೆಯು ಯಾರನ್ನು ತಾನೆ ತಂದೀತು? ಸಂಬಳ ಕಡಮೆಯೆಂಬ ಕಾರಣವನ್ನು ಎಲ್ಲರೂ ಹೇಳುವರು; ಈ ಕಾರಣವನ್ನು ಹೇಳುವವರು ವಿರಳ.

ಮೈಸೂರು ಸೀಮೆಯವರು ಈ ಪದವಿಗಾಗಿ ಬಹುಕಾಲ ಹೊರಗೇ ಹೋಗಬೇಕಾಗಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಆರಂಭವಾದದ್ದು 1958ರಲ್ಲಿ. 1984ರ ಕಾಯಿದೆಯು ಪದವಿ ಪಡೆದು ಹೆಸರನ್ನು ದಾಖಲಿಸಿಕೊಂಡವನಿಗೇ ವೃತ್ತಿಯ ಅಧಿಕಾರವನ್ನು ಕೊಟ್ಟು, ಪ್ರಮಾಣಪತ್ರ ಪಡೆದ ಸ್ಟಾಕ್‌ಮನ್ ಮೊದಲಾದವರಿಗೆ ಅಂತಹ ವೈದ್ಯನ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಚಿಕಿತ್ಸೆ ಮಾಡಲು ರಾಜ್ಯಸರಕಾರಗಳು ಅನುಮತಿ ಕೊಡಬಹುದೆಂದಿದೆ. ಕೌಟಿಲ್ಯನ ಗೋಪಾಲಕನಿಗೆ ಕಾಯಿದೆಯಲ್ಲಿ ದೊರೆತ ಸ್ಥಳವು ಇದೇ.