ಕೋಟೆ ಬೆನ್ನಿಗಿರೋ ಚಂದ್ರವಳ್ಳಿ ತೋಟ

ದುರ್ಗಕ್ಕೆ ನೆಂಟರು ಬಂದ್ರೆ ಮೊದ್ಲು ಕೇಳೋದೇ ಕೋಟೆ. ತಿಂಡಿ ಆಗ್ತಿದ್ದಂಗೆ ಹೊರಟು, ಸುತ್ತು ಸುತ್ತು ಹತ್ತಿ, ಓಬವ್ವನ ಕಿಂಡಿ ಹತ್ರ ಬಗ್ಗಿ ಫೋಟೋ ತೆಗೆಸ್ಕಂಡು, ಬಿಸಿಲಿಗೆ ಮುಖ ಕೆಂಪಗೆ ಮಾಡ್ಕಂಡು ಊಟದ ಹೊತ್ತಿಗೆ ವಾಪಸ್. ಕೈಕಾಲು ತೊಳಕಂಡು ಕೂತ ಮೇಲೆ, "ಚೆನ್ನಾಗೈತೆ, ಆದ್ರೆ ಬರೀ ಕಲ್ಲು ಕಣಕ್ಕ" ಅಂತಾರೆ. ಈ ಬರೀ ಕಲ್ಲು ಅನ್ನೋ ಮಾತು ನಂಗೆ ಯಾವತ್ತೂ ಸೇರಲ್ಲ. ಅದೇ ಕಲ್ಲಿನ ಬೆನ್ನ ಹಿಂದೆ ಒಂದು ತೋಟ ಐತೆ, ತೋಟದ ಪಕ್ಕ ಕೆರೆ ಐತೆ, ಆ ಮಣ್ಣಿನ ಅಡಿಗೆ ಎರಡು ಸಾವಿರ ವರ್ಷದ ಹಿಂದಿನ ಒಂದು ಊರೇ ಮಲಗೈತೆ. ಅದನ್ನ ನೋಡದೆ ದುರ್ಗ ನೋಡಿದ್ವಿ ಅಂದ್ರೆ, ಹೊಸ್ತಿಲಲ್ಲಿ ನಿಂತು ಮಾತಾಡಿ ಒಳಗೆ ಬರದೆ ಹೋದಂಗೆ.

ಚಂದ್ರವಳ್ಳಿ ಹೆಸರು ನಮ್ಮೂರಿನವರಿಗೆ ಹೊಸದಲ್ಲ. ನಾವೆಲ್ಲ ಚಂದ್ರವಳ್ಳಿ ತೋಟ ಅಂತಲೇ ಕರೆಯೋದು. ಕೋಟೆ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ, ಈ ಮೂರರ ನಡುವೆ ತೊಟ್ಟಿಲಲ್ಲಿ ಮಲಗಿಸಿದಂಗಿರೋ ಕಣಿವೆ. ಬೆಳಿಗ್ಗೆ ವಾಕಿಂಗ್ ಹೋಗೋರು, ಶುಗರ್ ಇರೋರು, ಪರೀಕ್ಷೆಗೆ ಓದೋ ಹುಡುಗರು, ಸಂಜೆ ಮಕ್ಕಳನ್ನ ಕರ್ಕಂಡು ಬರೋರು ಎಲ್ಲ ಇಲ್ಲೇ. ಕಾರ್ತಿಕದಲ್ಲಿ ಬುತ್ತಿ ಕಟ್ಕಂಡು ಬಂದು ಮರದಡಿ ಉಂಡು ಹೋಗೋ ಮನೆಗಳೂ ಅದಾವೆ. ಊರಿನ ದೊಡ್ಡ ಗಣಪತಿ ಮೆರವಣಿಗೆ ಬಂದು ನೀರು ಸೇರೋದೂ ಇಲ್ಲೇ. ಎದುರಿಗೆ ಉಂಡುಂಡೆ ಬಂಡೆ, ಕಾಲಡಿ ಹುಲ್ಲು. ಊರೊಳಗೆ ಬಿಸಿಲು ಸುಡ್ತಿದ್ರೂ ಇಲ್ಲಿಗೆ ಬಂದ್ರೆ ಬೆಟ್ಟದ ನೆರಳಿಗೆ ಒಂದು ಚೂರು ತಂಪು. ಇಷ್ಟು ಎಲ್ರಿಗೂ ಗೊತ್ತು. ನಾನು ಹೇಳಬೇಕು ಅಂತಿರೋದು ಕಾಲಡಿದು.

1929ರ ಸುಮಾರಿಗೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು ಇಲ್ಲಿ ಅಗೆಸಿದ್ರು. ಆಮೇಲೆ 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷವೇ, ಮಾರ್ಟಿಮರ್ ವೀಲರ್ ಅನ್ನೋ ಇಂಗ್ಲೆಂಡಿನ ಪಂಡಿತರು ಅಗೆಸಿದ್ರು. ಅವರು ದೇಶದ ಪುರಾತತ್ವ ಇಲಾಖೆಗೇ ಮುಖ್ಯಸ್ಥರಾಗಿದ್ದವರು. ಅವರು ಮುಖ್ಯವಾಗಿ ಬಂದಿದ್ದು ಮೊಳಕಾಲ್ಮೂರು ಕಡೆ ಬ್ರಹ್ಮಗಿರಿಗೆ. ಮೊಳಕಾಲ್ಮೂರು ಅಂದ್ರೆ ನಮಗೆ ರೇಷ್ಮೆ ಸೀರೆ, ಅವರಿಗೆ ಅಶೋಕನ ಶಾಸನ. ಬ್ರಹ್ಮಗಿರಿ ಜೊತೆಗೆ ಚಂದ್ರವಳ್ಳಿಯನ್ನೂ ಅಗೆದು, ಎರಡನ್ನೂ ಸೇರಿಸಿ ಒಂದೇ ವರದಿ ಬರೆದ್ರು.

ಸಿಕ್ಕಿದ್ದೇನು ಅಂತ ಕೇಳಿದ್ರೆ, ಹೆಚ್ಚಿನವು ಅಡಿಗೆ ಮನೆ ಸಾಮಾನು ಕಣ್ರಿ. ಮಡಕೆ, ಕುಡಿಕೆ, ತಟ್ಟೆ, ಬಟ್ಟಲು, ಅವುಗಳ ಚೂರು. ಕೆಮ್ಮಣ್ಣಿನ ಬಣ್ಣ ಬಳಿದು, ಬಿಳಿ ಗೆರೆಯಲ್ಲಿ ಚಿತ್ತಾರ ಎಳೆದ ಪಾತ್ರೆಗಳು. ಫೋಟೋದಲ್ಲಿ ಆ ಗೆರೆಗಳನ್ನ ನೋಡಿದ್ರೆ ಕೆಮ್ಮಣ್ಣು ಸಾರಿಸಿ ಹಬ್ಬಕ್ಕೆ ಸುಣ್ಣದ ಕಡ್ಡಿ ಎಳೆದಂಗೇ ಕಾಣ್ತವೆ. ಜೊತೆಗೆ ಶಾತವಾಹನರ ಕಾಲದ ನಾಣ್ಯಗಳು. ಅವುಗಳ ನಡುವೆ ರೋಮ್ ದೇಶದ ಬೆಳ್ಳಿ ನಾಣ್ಯ, ಅಗಸ್ಟಸ್ ಮತ್ತು ಟೈಬೀರಿಯಸ್ ಅನ್ನೋ ಚಕ್ರವರ್ತಿಗಳವು. ನಮ್ ದುರ್ಗದ ಈ ಮೂಲೇಲಿ ಯಾವಳೋ ಒಬ್ಬ ತಾಯಿ ಸೆರಗಿನ ತುದಿಗೆ ರೋಮ್ ಬೆಳ್ಳಿ ಗಂಟು ಹಾಕಿ ಇಟ್ಕಂಡಿದ್ದಳೇನೋ ಅಂತ ನಂಗೆ ಅನ್ನಿಸ್ತದೆ. ಇದು ನನ್ನ ಕಲ್ಪನೆ, ವರದೀಲಿಲ್ಲ.

ಇಷ್ಟು ಹಳೇದು ಅಂತ ಹೆಂಗೆ ಹೇಳ್ತಾರೆ ಅಂತ ನನ್ನ ವಾರಗಿತ್ತಿ ಕೇಳಿದ್ಲು. ಒಳ್ಳೆ ಪ್ರಶ್ನೆ. ನಮ್ಮ ಸ್ಟೀಲ್ ಪಾತ್ರೆ ಮೇಲೆ ಹೆಸರು, ತಾರೀಖು ಕೆತ್ತಿಸ್ತೀವಲ್ಲ, "ಮದುವೆ ಉಡುಗೊರೆ 1989" ಅಂತ. ಅದೇ ಆಕಾರದ, ಅದೇ ಅಂಚಿನ ಇನ್ನೊಂದು ಡಬರಿ ಹೆಸರಿಲ್ಲದ್ದು ಸಿಕ್ಕಿದ್ರೂ, ಇದೂ ಆ ಕಾಲದ್ದೇ ಅಂತ ನಾವು ಹೇಳಲ್ವಾ? ಹಂಗೇ. ವೀಲರ್ ಅವರು 1945ರಲ್ಲಿ ಪಾಂಡಿಚೇರಿ ಹತ್ರ ಅರಿಕಮೇಡು ಅನ್ನೋ ಕಡಲ ತೀರದಲ್ಲಿ ಅಗೆಸಿದ್ರು. ಅಲ್ಲಿ ರೋಮ್ ಕಡೆಯಿಂದ ಹಡಗಲ್ಲಿ ಬಂದ ಸಾಮಾನು ಸಿಕ್ಕಿತ್ತು. ಅವುಗಳ ಕಾಲ ಅವರ ದೇಶದ ಲೆಕ್ಕದಿಂದ ಗೊತ್ತಿತ್ತು. ಅದರ ಜೊತೇಲೇ ತಳದಲ್ಲಿ ಬಳೆ ಬಳೆಯಾಗಿ ಚುಕ್ಕಿ ಸಾಲು ಒತ್ತಿದ ಒಂಥರಾ ತಟ್ಟೆ ಸಿಕ್ಕಿತ್ತು. ಅದೇ ಥರದ ತಟ್ಟೆ ಚೂರು ನಮ್ಮ ಕಡೆನೂ ಸಿಕ್ಕಿತು. ಅಲ್ಲಿಗೆ ಕೈಗೆ ಒಂದು ದಾರ ಸಿಕ್ಕಂಗಾಯ್ತು. ಆ ದಾರ ಹಿಡ್ಕಂಡು ಮೇಲಿನ ಪದರ ಯಾವ ಕಾಲದ್ದು, ಕೆಳಗಿನದು ಅದಕ್ಕಿಂತ ಎಷ್ಟು ಹಳೇದು ಅಂತ ಲೆಕ್ಕ ಹಾಕ್ತಾ ಹೋದ್ರು. ದಕ್ಷಿಣದ ಇತಿಹಾಸಕ್ಕೆ ತಾರೀಖು ಹಾಕೋಕೆ ಒಂದು ಒಡೆದ ತಟ್ಟೆ ಆಧಾರವಾಯ್ತು ನೋಡ್ರಿ. ಮನೇಲಿ ತಟ್ಟೆ ಒಡೆದ್ರೆ ನಾವು ಸೊಸೇರನ್ನ ಬೈತೀವಿ.

ಇನ್ನು ಬಂಡೆ ಶಾಸನ. ಭೈರವೇಶ್ವರನ ಗುಡಿ ಹತ್ರ ಒಂದು ಬಂಡೆ ಐತೆ, ಅದರ ಮೇಲೆ ಮೂರೇ ಸಾಲು. ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ನಮ್ಮ ಕಣ್ಣಿಗೆ ಕೋಳಿ ಕೆರೆದಂಗೆ ಕಾಣ್ತದೆ. ಇದನ್ನ ಕಂಡು ಓದಿ ಪ್ರಕಟಿಸಿದವರೂ ಅದೇ ಕೃಷ್ಣ ಅವರು. ಇದು ಕದಂಬರ ಮಯೂರಶರ್ಮನದು, ನಾಲ್ಕನೇ ಶತಮಾನದ್ದು. ಮಯೂರಶರ್ಮನ ಕತೆ ಶಾಲೇಲಿ ಓದಿರ್ತೀರಿ. ಸಿನಿಮಾದ ಮಯೂರನಾಗಿ ರಾಜಕುಮಾರ್ ಅವರನ್ನಂತೂ ಎಲ್ರೂ ನೋಡಿರ್ತೀರಿ. ಓದೋಕೆ ಅಂತ ಅಜ್ಜನ ಜೊತೆ ಕಂಚಿಗೆ ಹೋಗಿ, ಅಲ್ಲಿ ಪಲ್ಲವರ ಕುದುರೆಯವನ ಜೊತೆ ಜಗಳ ಆಗಿ, ಅವಮಾನ ತಡೀಲಾರದೆ ದರ್ಭೆ ಹಿಡಿಯೋ ಕೈಲಿ ಕತ್ತಿ ಹಿಡಿದ ಅಂತ ತಾಳಗುಂದದ ಕಂಬದ ಶಾಸನ ಹೇಳ್ತದೆ. ಆದ್ರೆ ಆ ಕಂಬ ಅವನ ಕಾಲ ಆದ ಮೇಲೆ ನಿಲ್ಲಿಸಿದ್ದು. ಅವನ ಕಾಲದ್ದೇ ಅಂತ ಹೇಳೋದು ನಮ್ಮ ಚಂದ್ರವಳ್ಳಿದು.

ಕೃಷ್ಣ ಅವರು ಓದಿದ ಪ್ರಕಾರ ಅದರಲ್ಲಿ ತ್ರೈಕೂಟ, ಆಭೀರ, ಪಲ್ಲವ, ಪುನ್ನಾಟ ಅಂತ ಅವನು ಗೆದ್ದ ರಾಜ್ಯಗಳ ಸಾಲು ಐತೆ. ಆ ಹೆಸರುಗಳ ಓದಿನ ಬಗ್ಗೆ ಆಮೇಲಿನ ಪಂಡಿತರು ಬೇರೆ ಬೇರೆ ಹೇಳ್ಯಾರೆ, ಅದು ಅವರವರ ವಾದ. ನನ್ನ ಮನಸ್ಸು ನಿಲ್ಲೋದು ಇನ್ನೊಂದು ಪದದ ಮೇಲೆ, ತಟಾಕ. ಅಂದ್ರೆ ಕೆರೆ. ಶಾಸನ ಕೆತ್ತಿಸಿದ್ದು ಯುದ್ಧ ಗೆದ್ದೆ ಅಂತ ಹೇಳೋಕಷ್ಟೇ ಅಲ್ಲ, ಇಲ್ಲಿ ಕೆರೆ ಕಟ್ಟಿಸಿದೆ ಅಂತ ಹೇಳೋಕೆ. ಪಲ್ಲವರ ಮೇಲೆ ಹಠ ಸಾಧಿಸಿ ರಾಜ್ಯ ಕಟ್ಟಿದವನು ಈ ಬಯಲು ಸೀಮೆಗೆ ಬಂದಾಗ ನೆನಪಿಗೆ ಉಳಿಸಿದ್ದು ನೀರು. ಮಳೆ ಕಮ್ಮಿ ಇರೋ ಊರಿಗೆ ಏನು ಬೇಕು ಅಂತ ಅವನಿಗೆ ಗೊತ್ತಿತ್ತು.

ತೋಟದ ಇನ್ನೊಂದು ಮಗ್ಗುಲಿಗೆ ಅಂಕಲಿ ಮಠದ ಗವಿಗಳು. ಉತ್ತರದ ಅಂಕಲಗಿ ಕಡೆಯಿಂದ ಬಂದ ಸ್ವಾಮಿಗಳು ಇದ್ದ ಜಾಗ ಅದಕ್ಕೇ ಆ ಹೆಸರು ಅಂತಾರೆ. ಹೊರಗಿನಿಂದ ಬಂದವರಾದ್ದಕ್ಕೆ ಪರದೇಶಪ್ಪ ಅಂತಲೂ ಕರೀತಾರೆ. ಒಳಗೆ ಇಳಿದ್ರೆ ಕೋಣೆ ಒಳಗೆ ಕೋಣೆ. ಪೂಜೆಗೊಂದು, ಮಲಗೋಕೊಂದು, ಸ್ನಾನಕ್ಕೊಂದು, ಗೋಡೆ ಮೇಲೆ ಹಳೇ ಬಣ್ಣದ ಚಿತ್ತಾರ. ಟಾರ್ಚ್ ಬೇಕೇ ಬೇಕು, ಜೊತೆಗೆ ಜಾಗ ಗೊತ್ತಿರೋರು ಬೇಕು. ಮಂಡಿ ನೋವಿರೋರು ಹೊರಗೇ ಕೂತ್ಕಳ್ರಿ. ಪಕ್ಕದ ಪಂಚಲಿಂಗದ ಗವಿ ಹತ್ರ 1286ರ ಶಾಸನ ಐತೆ, ಹೊಯ್ಸಳ ಮೂರನೇ ನರಸಿಂಹನ ಕಾಲದ್ದು. ಅಂದ್ರೆ ಪಾಳೆಗಾರರು ಹುಟ್ಟೋಕೆ ಮೂರು ಶತಮಾನ ಮುಂಚೇನೇ ಇಲ್ಲಿ ದೀಪ ಹಚ್ಚೋರಿದ್ರು.

ಕೋಟೆನ ನಾನು ಬಿಟ್ಟು ಮಾತಾಡ್ತಿಲ್ಲ ಮತ್ತೆ. ಚಂದ್ರವಳ್ಳಿ ನೋಡಿದ ಕಣ್ಣಲ್ಲಿ ಕೋಟೆ ಹತ್ತಿದ್ರೆ ಅದೂ ಬೇರೆ ಥರ ಕಾಣ್ತದೆ. ಬತ್ತೇರಿ, ಬಾಗಿಲು ಎಣಿಸೋ ಬದ್ಲು ನೀರು ಎಲ್ಲಿ ನಿಂತೈತೆ ಅಂತ ನೋಡ್ತಾ ಹೋಗ್ರಿ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ತಣ್ಣೀರು ದೊಣೆ, ಕೆಳಗೆ ಊರೊಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಬಂಡೆ ಮೇಲೆ ಬಿದ್ದ ಮಳೆ ಹನಿ ಹಾಳಾಗಬಾರ್ದು ಅಂತ ಮೇಲಿನ ಹೊಂಡ ತುಂಬಿ ಕೆಳಗಿನದಕ್ಕೆ ಇಳಿಯೋ ಹಂಗೆ ಮಾಡ್ಯಾರೆ. ಯುದ್ಧ ಅಂತ ಬಾಗಿಲು ಹಾಕ್ಕಂಡು ತಿಂಗಳುಗಟ್ಟಲೆ ಒಳಗೆ ಕೂತವರು ಬದುಕಿದ್ದು ಈ ನೀರು ಕುಡಿದೇ. ಎಣ್ಣೆ ಕೊಳ, ತುಪ್ಪದ ಕೊಳ ಬೇರೆ. ಕೋಟೆ ಅಂದ್ರೆ ಒಂದು ದೊಡ್ಡ ಉಗ್ರಾಣ. ಮದ್ದು ಬೀಸೋ ಕಲ್ಲಂತೂ ನಮ್ಮ ಬೀಸೋಕಲ್ಲೇ, ಗಾತ್ರ ಮಾತ್ರ ರಾಕ್ಷಸರದ್ದು.

ಓಬವ್ವನ ಕತೆನೂ ನೀರಿನ ಕತೆನೇ ಅಲ್ವಾ? ಕಾವಲಿನ ಗಂಡ ಊಟಕ್ಕೆ ಬಂದಿದ್ದ, ಕುಡಿಯೋಕೆ ನೀರು ತರಾಕೆ ಅಂತ ಆಕೆ ಹೊರಗೆ ಬಂದ್ಲು, ಅದಕ್ಕೇ ಕಿಂಡೀಲಿ ಹೈದರನ ಸೈನಿಕರ ಸದ್ದು ಕಿವಿಗೆ ಬಿತ್ತು. ನಮಗೆಲ್ಲ ಒನಕೆ ನೆನಪಿರ್ತದೆ, ನೀರಿನ ಬಿಂದಿಗೆ ಮರೆತು ಹೋಗ್ತದೆ. ಕೊನೆಗೆ 1779ರಲ್ಲಿ ಕೋಟೆ ಹೈದರನ ಕೈಗೆ ಹೋಯ್ತು, ಮದಕರಿ ನಾಯಕನನ್ನ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ್ರು. ಕತ್ತಿ ಹಿಡಿದ ಮನೆತನ ಹೋಯ್ತು, ಹೊಂಡ ಅಲ್ಲೇ ಅದಾವೆ. ಮಳೆಗಾಲದಲ್ಲಿ ಈಗಲೂ ತುಂಬ್ತವೆ.

ಇನ್ನೊಂದು ವಿಷಯ ಹೇಳ್ತೀನಿ. ನಮ್ಮೂರಿನ ನಲ್ಲೀಲಿ ಬರೋ ನೀರು ಎಲ್ಲಿದು ಗೊತ್ತಾ? ಒಂದು ಹಿರಿಯೂರು ಕಡೆ ವಾಣಿ ವಿಲಾಸ ಸಾಗರ, ಇನ್ನೊಂದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದ್ರೆ ಶಾಂತಿಸಾಗರ. ಎರಡಕ್ಕೂ ಹೆಣ್ಣಿನ ಹೆಸರೇ. ಸೂಳೆಕೆರೆ ಶಾಂತವ್ವ ಅನ್ನೋ ರಾಜಕುಮಾರಿ ಕಟ್ಟಿಸಿದ್ದು ಅಂತ ಜನ ಕತೆ ಹೇಳ್ತಾರೆ. ನಮ್ಮ ಮಾರಿಕಣಿವೆಗೆ ವಾಣಿ ವಿಲಾಸ ಅಂತ ಹೆಸರು ಬಂದಿದ್ದು ಮಗ ಚಿಕ್ಕವನಿದ್ದಾಗ ಮೈಸೂರು ರಾಜ್ಯ ನೋಡ್ಕಂಡ ರಾಣಿ ಕೆಂಪನಂಜಮ್ಮಣ್ಣಿ ಅವರಿಂದ. ಗಂಡ ತೀರಿಕೊಂಡ ದುಃಖದಲ್ಲೇ ಆಡಳಿತ ಹಿಡಿದ ಹೆಣ್ಣುಮಗಳು. ಅವರ ಕಾಲದಲ್ಲಿ ಶುರುವಾಗಿ 1907ರಲ್ಲಿ ಕಟ್ಟೆ ಮುಗೀತು. ಎರಡು ಗುಡ್ಡದ ನಡುವಿನ ಸಂದೀಲಿ ವೇದಾವತಿಗೆ ಅಡ್ಡ ಕಲ್ಲಿನ ಗೋಡೆ, ಮಯೂರಶರ್ಮ ಚಿಕ್ಕದಾಗಿ ಮಾಡಿದ್ದನ್ನೇ ದೊಡ್ಡದಾಗಿ ಮಾಡ್ಯಾರೆ ಅಂತ ನನ್ನ ಲೆಕ್ಕ. 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ. 89 ವರ್ಷ! ಹಿರಿಯೂರಿನ ನಮ್ಮ ನಾದಿನಿ ಫೋನ್ ಮಾಡಿ, "ಅತ್ತಿಗೆ, ಕೋಡಿ ಬಿತ್ತು" ಅಂದಾಗ ಅವಳ ದನಿ ನಡುಗ್ತಿತ್ತು. ಅವಳ ಅತ್ತೆ ಇಡೀ ಜೀವಮಾನ ಬರೀ ಬಾಯಲ್ಲಿ ಕೇಳಿದ್ದನ್ನ ಇವಳು ಕಣ್ಣಲ್ಲಿ ನೋಡಿದ್ಲು. 2025ರ ಜನವರೀಲಿ ಇನ್ನೊಂದು ಸಲ ಬಿತ್ತು. ಆಗ ಫೋನ್ ಬರಲಿಲ್ಲ, ವಾಟ್ಸಾಪ್‌ಗೆ ವಿಡಿಯೋ ಬಂತು ಅಷ್ಟೇ!

ಚಂದ್ರವಳ್ಳಿಗೆ ಹೋಗೋದಾದ್ರೆ ಬೆಳಿಗ್ಗೆ ಬಿಸಿಲೇರೋಕೆ ಮುಂಚೆ ಹೋಗ್ರಿ, ಮಳೆ ಬಂದು ನಾಲ್ಕು ದಿನ ಆಗಿದ್ರೆ ಇನ್ನೂ ಒಳ್ಳೇದು. ಬುತ್ತಿ ಕಟ್ಕಂಡೇ ಹೋಗ್ರಿ, ಮಂಡಕ್ಕಿ ಮೆಣಸಿನಕಾಯಿ ತಿನ್ನೋಕೆ ವಾಪಸ್ ಊರಿಗೇ ಬರಬೇಕು. ಉಂಡ ಎಲೆ, ಕವರು ಅಲ್ಲಿ ಬಿಡಬ್ಯಾಡ್ರಿ. ಶಾಸನದ ಅಕ್ಷರ ಚೆನ್ನಾಗಿ ಕಾಣ್ಲಿ ಅಂತ ಸುಣ್ಣ ಹಚ್ಚೋದು, ಕಲ್ಲಲ್ಲಿ ಕೆರೆಯೋದು, ಅರಿಶಿಣ ಕುಂಕುಮ ಬಳಿಯೋದು ಯಾವುದೂ ಬ್ಯಾಡ. ಅದಕ್ಕೀಗಲೇ ವಯಸ್ಸಾಗೈತೆ, ಸವೆದೈತೆ. ಮಕ್ಕಳು ಮಣ್ಣಲ್ಲಿ ಮಡಕೆ ಚೂರು ಆರಿಸಿ ತಂದ್ರೆ ಒಂದು ಸಲ ತಿರುಗಿಸಿ ನೋಡ್ರಿ, ಬಿಳಿ ಗೆರೆ ಐತಾ ಅಂತ. ನೋಡಿ, ಎಲ್ಲಿ ಸಿಕ್ತೋ ಅಲ್ಲೇ ಇಡಿಸ್ರಿ.