ಅಳತೆಗೋಲು ಯಾರ ಕೈಯಲ್ಲಿ? ಅಮೆರಿಕದ ವಿಶೇಷ ಶಿಕ್ಷಣದಲ್ಲಿ ಸ್ವತಂತ್ರ ಮೌಲ್ಯಮಾಪನದ ಹಕ್ಕು

ಅಮೆರಿಕದ ವಿಶೇಷ ಶಿಕ್ಷಣದ ಚರಿತ್ರೆಯನ್ನು 1975ರ ಕಾಯ್ದೆಯಿಂದ ಆರಂಭಿಸುವುದು ವಾಡಿಕೆ. ಪೋಷಕರ ಸ್ವತಂತ್ರ ಮೌಲ್ಯಮಾಪನದ ಹಕ್ಕಿನ ಬೇರು ಹುಡುಕುವವರು ಮಾತ್ರ ಇನ್ನೂ ಐದು ವರ್ಷ ಹಿಂದೆ, ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಕ್ಕಳಿಗೆ ಅಲ್ಲಿ ಇಂಗ್ಲಿಷಿನಲ್ಲಿ ಬುದ್ಧಿಮಾಪನ ಪರೀಕ್ಷೆ ಕೊಟ್ಟು, ಮಂದಬುದ್ಧಿಯವರ ತರಗತಿಗೆ ತಳ್ಳಿದ್ದರು. 1970ರ ಡಯಾನಾ ಮೊಕದ್ದಮೆಯ ಹೊತ್ತಿಗೆ ಅದೇ ಮಕ್ಕಳನ್ನು ಅವರದೇ ಭಾಷೆಯಲ್ಲಿ ಮತ್ತೆ ಪರೀಕ್ಷಿಸಿದಾಗ ಹೆಚ್ಚಿನವರು ಆ ಗಡಿಯನ್ನು ದಾಟಿಬಿಟ್ಟರು. ಸ್ಯಾನ್ ಫ್ರಾನ್ಸಿಸ್ಕೊದ ಲ್ಯಾರಿ ಪಿ. ಪ್ರಕರಣದಲ್ಲಿ ಬಯಲಾದ ಲೆಕ್ಕ ಇನ್ನೂ ಕಟು: ಶಾಲೆಗಳಲ್ಲಿ ಕಪ್ಪು ಮಕ್ಕಳ ಪಾಲು ಶೇ. 28.5, ಆ ವಿಶೇಷ ತರಗತಿಗಳಲ್ಲಿ ಶೇ. 66.

ಶಾಲೆಯ ಅಳತೆಯನ್ನು ಹೊರಗಿನವರು ಒರೆಹಚ್ಚಬೇಕೆಂಬ ಮಾತಿಗೆ ಕಾನೂನಿನ ರೂಪ ಬಂದದ್ದು 1972ರಲ್ಲಿ. ವಾಷಿಂಗ್ಟನ್‌ನ ಮಿಲ್ಸ್ ಪ್ರಕರಣದ ತೀರ್ಪಿನಲ್ಲಿ ನ್ಯಾಯಾಧೀಶ ಜೋಸೆಫ್ ವಾಡಿ ಪೋಷಕರಿಗೆ ಕಳಿಸಬೇಕಾದ ನೋಟಿಸಿನ ಒಕ್ಕಣೆಯನ್ನೂ ವಿಧಿಸಿದರು. ಮಗುವಿಗೆ ಉಚಿತವಾಗಿ ಸ್ವತಂತ್ರ ತಪಾಸಣೆ ಸಿಗುತ್ತದೆ ಎಂದಷ್ಟೇ ಬರೆದರೆ ಸಾಲದು. ತಪಾಸಣಾ ಕೇಂದ್ರದ ಹೆಸರು, ವಿಳಾಸ, ಫೋನ್ ಸಂಖ್ಯೆ ಅದರಲ್ಲಿರಬೇಕು. ಹಕ್ಕು ಕಾಗದದಲ್ಲೇ ಕೊಳೆಯುವುದು ಹೇಗೆಂದು ಬಲ್ಲವರ ಬರವಣಿಗೆ ಇದು.

1975ರ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾಯ್ದೆ ಈ ವಿಷಯದಲ್ಲಿ ಜಿಪುಣ. ಪೋಷಕರು ದಾಖಲೆ ನೋಡಬಹುದು, ಸ್ವತಂತ್ರ ಮೌಲ್ಯಮಾಪನ ಪಡೆಯಬಹುದು ಎಂದಿತೇ ಹೊರತು ದುಡ್ಡು ಯಾರದೆಂದು ಹೇಳಲಿಲ್ಲ. ಅದನ್ನು ಹೇಳಿದ್ದು 1977ರ ನಿಯಮಾವಳಿ. ಶಾಲೆಯ ಮೌಲ್ಯಮಾಪನವನ್ನು ಪೋಷಕರು ಒಪ್ಪದಿದ್ದರೆ ಹೊರಗಿನ ತಜ್ಞರ ವೆಚ್ಚವನ್ನು ಶಾಲಾಡಳಿತವೇ ಭರಿಸಬೇಕು, ಇಲ್ಲವೇ ತಾನೇ ವಿಚಾರಣೆಗೆ ಹೋಗಿ ತನ್ನ ಮೌಲ್ಯಮಾಪನ ಸರಿಯಿತ್ತೆಂದು ತೋರಿಸಬೇಕು. ನನ್ನ ಮಟ್ಟಿಗೆ ಈ ಹಕ್ಕು ನಿಜವಾಗಿ ಹುಟ್ಟಿದ್ದು ಆ ವರ್ಷವೇ. ಕೈಯಿಂದ ದುಡ್ಡು ಹಾಕಿ ಪರೀಕ್ಷೆ ಮಾಡಿಸಲು ಅನುಕೂಲಸ್ಥರಿಗೆ ಕಾಯ್ದೆಯ ಅಪ್ಪಣೆ ಏಕೆ ಬೇಕಿತ್ತು?

ಮೂಲ ಕಾಯ್ದೆಯಲ್ಲಿಲ್ಲದ ಹೊರೆಯನ್ನು ನಿಯಮ ಹೇರುವಂತಿಲ್ಲವೆಂದು ಅಲಬಾಮದ ಶಾಲಾ ಮಂಡಳಿಯೊಂದು ವಾದಿಸಿತು. ಕಾಯ್ದೆಯನ್ನು ಹಲವು ಬಾರಿ ತಿದ್ದಿಯೂ ಕಾಂಗ್ರೆಸ್ ಈ ನಿಯಮವನ್ನು ಮುಟ್ಟಿಲ್ಲವಲ್ಲ ಎಂದು ಮೇಲ್ಮನವಿ ನ್ಯಾಯಾಲಯ 2012ರಲ್ಲಿ ವಾದವನ್ನು ತಳ್ಳಿಹಾಕಿತು.

ಸುಪ್ರೀಂ ಕೋರ್ಟಿನ ನಡೆ ಅಷ್ಟು ನೇರವಲ್ಲ. 2005ರ ಶಾಫರ್ ತೀರ್ಪು ರುಜುವಾತಿನ ಹೊಣೆಯನ್ನು ದೂರು ತಂದವರ, ಅಂದರೆ ಬಹುಮಟ್ಟಿಗೆ ಪೋಷಕರ, ಹೆಗಲಿಗೇರಿಸಿತು. ಅವರ ಕೈಗೆ ಸ್ವತಂತ್ರ ತಜ್ಞರ ಬಲವಿದೆ ಎಂಬುದು ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓಕಾನರ್ ಕೊಟ್ಟ ಸಮಾಧಾನಗಳಲ್ಲೊಂದು. ಮರುವರ್ಷವೇ ಮರ್ಫಿ ಪ್ರಕರಣದಲ್ಲಿ, ಗೆದ್ದ ಪೋಷಕರು ತಜ್ಞರಿಗೆ ತೆತ್ತ 29,350 ಡಾಲರ್ ಶುಲ್ಕ ವಾಪಸು ಸಿಗದೆಂದು ಅದೇ ನ್ಯಾಯಾಲಯ ಹೇಳಿತು. ಬಲ ಇದೆ ಎಂದವರೇ ಅದರ ಬೆಲೆಯನ್ನೂ ಕಟ್ಟಿದಂತಾಯಿತು. ಹೀಗಾಗಿ ವ್ಯಾಜ್ಯಕ್ಕೆ ಮೊದಲೇ ಶಾಲೆಯ ಖರ್ಚಿನಲ್ಲಿ ಪಡೆಯುವ ಮೌಲ್ಯಮಾಪನದ ತೂಕ ಇನ್ನಷ್ಟು ಹೆಚ್ಚಿತು.

ಡಯಾನಾ ಮೊಕದ್ದಮೆಯ ಫಲ ಅಲ್ಲಿ ನೆಲೆಸಿದ ಕನ್ನಡ ಮನೆಗಳಿಗೂ ಸಲ್ಲುತ್ತದೆ: ಸಾಧ್ಯವಿರುವಷ್ಟೂ ಮಗುವನ್ನು ಅದರ ಭಾಷೆಯಲ್ಲೇ ಪರೀಕ್ಷಿಸಬೇಕು. ಶಾಲೆಯ ವರದಿ ಒಪ್ಪಿಗೆಯಾಗದಿದ್ದರೆ ಹಾಗೆಂದು ಬರೆದುಕೊಡಿ. ಕಾರಣವೇನೆಂದು ಅವರು ಕೇಳಬಹುದು, ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ.