‘ಕಳೆ’ ಎಂಬ ಶಬ್ದವೂ ಹೆಬ್ಬಾಳದ ಬಯಲೂ

ಇಂಗ್ಲಿಷಿನ ‘ವೀಡ್’ ಎಂಬ ಶಬ್ದಕ್ಕೆ ಕನ್ನಡದಲ್ಲಿ ‘ಕಳೆ’ ಎಂದು ಅರ್ಥ ಹೇಳುವುದು ವಾಡಿಕೆ. ಎರಡೂ ಕರೆಯದೆ ಬಂದ ಗಿಡವನ್ನು ಸೂಚಿಸುವುವಾದರೂ ಅವುಗಳ ಹುಟ್ಟು ಬೇರೆ. ಪ್ರಾಚೀನ ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಹುಲ್ಲು, ಮೂಲಿಕೆ ಎಂಬ ನಿರಪರಾಧವಾದ ಅರ್ಥವೂ ಇದ್ದಿತು. ಕನ್ನಡದ ‘ಕಳೆ’ಯಾದರೋ ನೀಗು, ಕಿತ್ತುಹಾಕು ಎಂಬ ಕ್ರಿಯಾಪದದ ಒಡಹುಟ್ಟು, ಹೆಸರಿಟ್ಟವನು ಹೆಸರಿಡುವಾಗಲೇ ಕೀಳಲು ಬಗ್ಗಿದ್ದನೆಂದು ತೋರುತ್ತದೆ. ಮುಖದ ‘ಕಳೆ’ ಸಂಸ್ಕೃತದ ‘ಕಲಾ’ ಶಬ್ದದ ತದ್ಭವ. ಅದಕ್ಕೂ ಇದಕ್ಕೂ ನಂಟಿಲ್ಲ.

ಪರದೇಶದಿಂದ ಬಂದುದೆಲ್ಲ ಕಳೆಯಲ್ಲ. ಯಲಹಂಕದ ರೈತನು ಯಾವ ರಾಗಿಗಾಗಿ ಎಡೆಕುಂಟೆ ಹೊಡೆಯುವನೋ ಆ ರಾಗಿಯೇ ಪೂರ್ವಕಾಲದಲ್ಲಿ ಆಫ್ರಿಕೆಯಿಂದ ಬಂದುದು. ಇತ್ತ ಲಾಂಟಾನವು ಹೂವಿನ ಚೆಲುವಿಗಾಗಿ ಆಮಂತ್ರಿತವಾಗಿ ಬಂದು, ಕಾಡುಗಳನ್ನು ಆಕ್ರಮಿಸಿ ಕಳೆಯಾಯಿತು.

ಈ ಶಬ್ದದ ನಿಜವಾದ ಪರೀಕ್ಷೆ ನಡೆದದ್ದು ಪಾರ್ಥೇನಿಯಂ ವಿಷಯದಲ್ಲಿ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಈ ಅಮೆರಿಕದ ಗಿಡವು 1970ರ ದಶಕದ ವೇಳೆಗೆ ಬೆಂಗಳೂರಿನ ಬಯಲುಗಳನ್ನು ಮುಚ್ಚಿತು. ಮುಟ್ಟಿದವರಿಗೆ ತುರಿಕೆ, ಕೆಲವರಿಗೆ ಉಬ್ಬಸ. ಬಿಳಿಯ ಹೂವನ್ನು ಬಿಳಿಯ ಟೋಪಿಗೆ ಹೋಲಿಸಿ ಜನರು ‘ಕಾಂಗ್ರೆಸ್ ಗಿಡ’ವೆಂದರು. 1975ರಲ್ಲಿ ಕರ್ನಾಟಕ ಸರ್ಕಾರವು ಅದನ್ನು ಉಪದ್ರವಕಾರಿ ಕಳೆಯೆಂದು ಸಾರಿತು. ಆದರೆ ಸರ್ಕಾರದ ಆಜ್ಞೆಯನ್ನು ಗಿಡವು ಕೇಳುವುದುಂಟೆ!

ಆಗ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1983ರಲ್ಲಿ ಮೆಕ್ಸಿಕೋದಿಂದ ಜೈಗೋಗ್ರಾಮ ಎಂಬ ದುಂಬಿಯನ್ನು ತರಿಸಿ, ಪರೀಕ್ಷಿಸಿ, 1984ರಲ್ಲಿ ಬಿಟ್ಟರು. ಅದು ಪಾರ್ಥೇನಿಯಂ ಎಲೆಗಳನ್ನು ತಿಂದು ಹಬ್ಬಿತು. ಕೆಲಕಾಲದಲ್ಲಿಯೇ ಸೂರ್ಯಕಾಂತಿಯ ಎಲೆಗಳ ಮೇಲೂ ಕಾಣಿಸಿಕೊಂಡದ್ದರಿಂದ ಕಳವಳವೆದ್ದಿತು. ಸೂರ್ಯಕಾಂತಿಯೆಂದರೆ ಅಲ್ಪವಾದ ಬೆಳೆಯಲ್ಲ. ಹೆಬ್ಬಾಳದಲ್ಲಿ ಬೇರೂರಿದ ಕೃಷಿ ವಿಶ್ವವಿದ್ಯಾನಿಲಯವೇ 1980ರಲ್ಲಿ ದೇಶದ ಮೊದಲ ಸೂರ್ಯಕಾಂತಿ ಸಂಕರ ತಳಿಯನ್ನು ಹೊರತಂದಿತ್ತು. ಕಳೆಯನ್ನು ತಿನ್ನಲು ಕರೆಸಿದುದು ಪೈರನ್ನು ತಿಂದರೆ ಅದಕ್ಕೇನು ಹೆಸರಿಡಬೇಕು? ದುಂಬಿಯನ್ನು ಬೆಳೆಸಿ ಬಿಡುವ ಕಾರ್ಯವೇ ಸ್ಥಗಿತವಾಗಿ, ವಿಚಾರಣೆಗೆ ಸಮಿತಿಯೊಂದು ನೇಮಕವಾಯಿತು.

ತಿಳಿದುಬಂದ ಕಾರಣವು ವಿಚಿತ್ರವಾದುದು. ಅಕ್ಕಪಕ್ಕದ ಪಾರ್ಥೇನಿಯಂ ಪರಾಗವು ಗಾಳಿಯಲ್ಲಿ ತೇಲಿಬಂದು ಸೂರ್ಯಕಾಂತಿಯ ಎಲೆಗಳ ಮೇಲೆ ಕೂಡುತ್ತಿದ್ದಿತು. ಅದರ ರುಚಿಗೆ ದುಂಬಿಯು ಎಲೆಯನ್ನೂ ಕಡಿಯುತ್ತಿದ್ದಿತು. ಬರಿಯ ಸೂರ್ಯಕಾಂತಿಯ ಮೇಲೆ ಅದರ ಸಂತತಿ ಬಾಳಲಾರದು. ಕಡೆಗೆ ನಿರ್ಬಂಧವನ್ನು ತೆಗೆಯಲಾಯಿತು.

ಒಣದಿನಗಳಲ್ಲಿ ಈ ದುಂಬಿಯು ಮಣ್ಣಿನೊಳಗೆ ಮಲಗಿರುತ್ತದೆ. ಮಳೆ ಬಿದ್ದೊಡನೆ ಪಾರ್ಥೇನಿಯಂ ಮೊಳೆಯುತ್ತದೆ. ಅದರ ಹಿಂದೆಯೇ ದುಂಬಿಯೂ ಮೇಲೇಳುತ್ತದೆ.